ಕರುವಿನ ಬಾಲಕ್ಕೆ ಬಿಪಿ ಪಟ್ಟಿ

ಚಾಮರಾಜಪೇಟೆಯ ಶಕುಂತಲಮ್ಮನವರು ಏಳನೇ ಕ್ಲಾಸಿಗೆ ಓದು ಬಿಟ್ಟು ಚಿಕ್ಕಮ್ಮನ ಬಳಿ ಹೊಲಿಗೆ ಕಲಿತವರು. ಅವರ ಪುಟ್ಟ ಅಂಗಡಿಗೆ ರವಿಕೆ, ಲಂಗಗಳ ಜೊತೆಗೆ ಸುತ್ತಲಿನ ಕ್ಲಿನಿಕ್ಕುಗಳಿಂದ ತೋಳಿಗೆ ಸುತ್ತುವ ಬಿಪಿ ಪಟ್ಟಿಗಳೂ ಹರಿದಾಗ ಬರುತ್ತಿದ್ದವು. ಒಳಗಿನ ರಬ್ಬರ್ ಚೀಲಕ್ಕೆ ಸೂಜಿ ತಾಗದಂತೆ ಹೊಲಿಯುವ ಕೈ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

೧೯೯೭ರಲ್ಲಿ ಒಂದು ಬೆಳಿಗ್ಗೆ ಪಶುವೈದ್ಯೆ ಆಂಡಾಳ್ ಅಂಗಡಿಗೆ ಬಂದರು. ಆಗತಾನೇ ಹುಟ್ಟಿದ ಕರುಗಳ ರಕ್ತದೊತ್ತಡದ ಬಗ್ಗೆ ಅವರ ಸಂಶೋಧನೆ ನಡೆದಿತ್ತು. ತಾನೇ ಗಾಳಿ ತುಂಬಿ ಅಳೆಯುವ ಯಂತ್ರವೇನೋ ಅವರಲ್ಲಿತ್ತು, ಆದರೆ ಅದರ ಪಟ್ಟಿ ಮನುಷ್ಯರ ತೋಳಿನ ಅಳತೆಯದು.

“ಕರು ಬಾಲದ ಬುಡಕ್ಕೆ ಸುತ್ತಬೇಕು. ಇದು ಜಾರ್ತಾನೇ ಇರುತ್ತೆ. ಚಿಕ್ಕದೊಂದು ಹೊಲಿದ್ಕೊಡ್ತೀರಾ?”

“ನೋಡ್ದೇ ಹೇಗೆ ಹೊಲೀಲಿ ಡಾಕ್ಟ್ರೇ? ಕರು ಎಲ್ಲಿದೆ ಹೇಳಿ, ನಾನೇ ಬರ್ತೀನಿ.”

ಎರಡು ಬೀದಿ ಆಚೆ ಹಾಲಿನ ಮಾಯಣ್ಣನ ಕೊಟ್ಟಿಗೆ. ಸಗಣಿಯನ್ನೂ ಲೆಕ್ಕಿಸದೆ ಶಕುಂತಲಮ್ಮ ನೆಲದಲ್ಲಿ ಕೂತು, ಟೇಪು ಹಿಡಿದು ಬಾಲ ಅಳೆದರು. ಆಂಡಾಳ್ ಮಕ್ಕಳ ಬಿಪಿ ಪಟ್ಟಿಯ ರಬ್ಬರ್ ಚೀಲ ತಂದುಕೊಟ್ಟರು. ಜಾರದಿರಲಿ ಎಂದು ಶಕುಂತಲಮ್ಮ ಪಟ್ಟಿಯನ್ನು ಕೊಂಚ ಅಗಲವಾಗಿಯೇ ಹೊಲಿದರು.

ಪಟ್ಟಿ ನಿಂತಿತು. ಆದರೆ ಅಳತೆ ನೋಡಿ ಆಂಡಾಳ್ ಗಾಬರಿಯಾದರು. “ತುಂಬಾ ಕಡಿಮೆ ಬರ್ತಿದೆ. ಈಗ್ಲೇ ಡ್ರಿಪ್ ಹಾಕ್ಬೇಕೇನೋ.”

ಕರು ಮಾತ್ರ ಹಾಲು ಕುಡಿದು ಕುಪ್ಪಳಿಸುತ್ತಿತ್ತು. ಶಕುಂತಲಮ್ಮ ಅದನ್ನೇ ನೋಡುತ್ತಾ ನಿಂತಿದ್ದರು.

“ಇಷ್ಟು ಗಟ್ಟಿಯಾಗಿದೆ ಕರು. ತಪ್ಪು ನಂದೇ ಇರ್ಬೇಕು ಡಾಕ್ಟ್ರೇ. ಅಗಲ ಜಾಸ್ತಿ ಆಯ್ತಾ?”

ಆಂಡಾಳ್ ಹಣೆ ಚಚ್ಚಿಕೊಂಡರು. ಪಟ್ಟಿ ಅಗಲವಾದರೆ ಒತ್ತಡ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. “ನಾನು ನೋಡ್ಬೇಕಿತ್ತು, ಶಕುಂತಲಮ್ಮ. ನಿಮ್ಮ ತಪ್ಪಲ್ಲ.”

ಆ ಸಮಾಧಾನ ಶಕುಂತಲಮ್ಮನಿಗೆ ಬೇಕಿರಲಿಲ್ಲ. ಆಂಡಾಳ್ ಈ ಸಲ ಹಸುಗೂಸುಗಳ ಪಟ್ಟಿಯ ಸಣ್ಣ ಚೀಲಗಳನ್ನು ತಂದರು. ಶಕುಂತಲಮ್ಮ ಮೂರು ಅಗಲದಲ್ಲಿ ಮೂರು ಪಟ್ಟಿ ಹೊಲಿದು, ಜಾರದಂತೆ ಒಳಮೈಗೆ ಒರಟು ಬಟ್ಟೆ ಕೊಟ್ಟರು. ನಡುವಿನದು ಸರಿಹೋಯಿತು. ಒಂದರ ಹಿಂದೆ ಒಂದು ಐದು ಸಲ ಅಳೆದರೂ ಹೆಚ್ಚುಕಡಿಮೆ ಒಂದೇ ಅಂಕಿ, ಅದೂ ಗಟ್ಟಿಯಾದ ಕರುವಿಗೆ ಒಪ್ಪುವಂಥದ್ದು. ಅಂದಿನಿಂದ ಆಂಡಾಳ್ ಯಾವ ಕೊಟ್ಟಿಗೆಗೆ ಹೋದರೂ ಅದೇ ಪಟ್ಟಿ.

ಎರಡು ವರ್ಷದ ನಂತರ ಮಾಯಣ್ಣನ ಹಸು ಕಷ್ಟಪಟ್ಟು ಈದಿತು. ಕರುವನ್ನು ಎಳೆದೇ ತೆಗೆಯಬೇಕಾಯಿತು. ಕರು ಸುಸ್ತಾಗಿ ಮಲಗಿದೆ ಎಂದೇ ಎಲ್ಲರೂ ಅಂದುಕೊಂಡರು. ಆಂಡಾಳ್ ಪಟ್ಟಿ ಸುತ್ತಿ ನೋಡಿದರೆ ಒತ್ತಡ ಇಳಿಯುತ್ತಲೇ ಇತ್ತು. ಈ ಸಲ ಅಳತೆಯನ್ನು ಅನುಮಾನಿಸಲು ಕಾರಣವಿರಲಿಲ್ಲ. ತಡಮಾಡದೆ ಡ್ರಿಪ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಕರು ನಡುಗುವ ಕಾಲೂರಿ ಎದ್ದು ತಾಯಿಯ ಕೆಚ್ಚಲು ಹುಡುಕಿತು.

ಮರುದಿನ ಮಾಯಣ್ಣ ಒಂದು ತಂಬಿಗೆ ಗಿಣ್ಣುಹಾಲು ಹಿಡಿದು ಅಂಗಡಿಗೆ ಬಂದ. “ಡಾಕ್ಟ್ರಮ್ಮ ಎಲ್ಲಾ ಹೇಳಿದ್ರು ಶಕುಂತಲಕ್ಕ. ತಗೊಳ್ಳಿ.”

“ಕರುಗೆ ಸಾಕಷ್ಟು ಬಿಟ್ಟಿದೀಯಾ?”

“ಅದು ಹೊಟ್ಟೆ ತುಂಬ ಕುಡಿದ್ಮೇಲೇ ಕರೆದಿದ್ದು.”

ಆಗ ಶಕುಂತಲಮ್ಮ ಎರಡೂ ಕೈ ಚಾಚಿ ತಂಬಿಗೆ ತೆಗೆದುಕೊಂಡರು.