ಜ್ವರವಿಲ್ಲದ ಅಫಿಡವಿಟ್

ಮನೆಯಲ್ಲಿ ಅವಳ ಹೆಸರು ಬುಗುರಿ. ನಲವತ್ತೆರಡನೆಯ ವಯಸ್ಸಿನಲ್ಲಿ ಡಾಕ್ಟರು ಅದಕ್ಕೇ ಎಡಿಎಚ್‌ಡಿ ಎಂದರು. ಗಮನ ಒಂದೆಡೆ ನಿಲ್ಲದ ತೊಂದರೆ. ಗಮನ ಎಂದರೆ ಹೋಗುವುದು ಅಂತಲೂ ಅರ್ಥವಿರುವಾಗ ಅದು ನಿಲ್ಲಲಿ ಅನ್ನುವುದೇ ತಪ್ಪಲ್ಲವೇ ಎಂದು ಅವಳು ಅಲ್ಲೇ ವಾದ ಹೂಡಿದಳು. ಅವಳಮ್ಮನ ತೀರ್ಪು ಬೇರೆ: "ನೀನು ಎರಡನೇ ಕ್ಲಾಸಲ್ಲಿದ್ದಾಗ್ಲೇ ಹೇಳಿದ್ದೆ. ನಾನೇನು ಡಾಕ್ಟ್ರಾ, ನನ್ನ ಮಾತು ಯಾರು ಕೇಳ್ತಾರೆ."

ಹದಿನೆಂಟು ವರ್ಷದಿಂದ ವಕೀಲೆ. ಪಾಟೀಸವಾಲಿಗೆ ನಿಂತರೆ ಸಾಕ್ಷಿ ಬೆವರುತ್ತಾನೆ. ಕೂತು ನಾಲ್ಕು ಪುಟ ಬರೆಯಬೇಕೆಂದರೆ ಇವಳು ಬೆವರುತ್ತಾಳೆ. ಪೆನ್ನು ಹುಡುಕಲು ಡ್ರಾಯರು ತೆಗೆದು, ಡ್ರಾಯರನ್ನೇ ಜೋಡಿಸಿ, ಅದರಲ್ಲಿ ಸಿಕ್ಕ ಹಳೆಯ ತೀರ್ಪನ್ನು ನಿಂತೇ ಓದಿ ಮುಗಿಸುತ್ತಾಳೆ. ಪೆನ್ನು ಸಿಕ್ಕಿರುವುದಿಲ್ಲ.

ಆ ಸೋಮವಾರ ನಾಲ್ಕನೆಯ ಕೋರ್ಟ್ ಹಾಲಿನಲ್ಲಿ ಒಬ್ಬ ದರ್ಜಿ ಹೆಂಗಸಿನ ದಾವೆಯಿತ್ತು. ಅಂಗಡಿ ಖಾಲಿ ಮಾಡಿಸದಂತೆ ಮಾಲೀಕನನ್ನು ತಡೆಯಬೇಕು. ಸರದಿ ಬರುವವರೆಗೆ ಎಂದು ವಕೀಲೆ ಪಕ್ಕದ ಐದನೆಯ ಹಾಲಿಗೆ ಇಣುಕಿದಳು. ಅಲ್ಲಿ ಅಣ್ಣತಮ್ಮಂದಿರ ಬಾವಿ ಜಗಳ. ಕೇಳುತ್ತ ಕೇಳುತ್ತ ಅದೇ ಬಾವಿಗೆ ಬಿದ್ದಳು. ಎದ್ದು ಬರುವಷ್ಟರಲ್ಲಿ ಇವಳ ದಾವೆಯನ್ನು ಮೂರು ಸಲ ಕೂಗಿ, ವಕೀಲರು ಗೈರು ಎಂದು ವಜಾ ಮಾಡಿ ಆಗಿತ್ತು. ಅದನ್ನು ಮತ್ತೆ ತೆರೆಸದಿದ್ದರೆ ಶುಕ್ರವಾರ ಅಂಗಡಿಗೆ ಮಾಲೀಕನ ಬೀಗ.

"ಜ್ವರ ಹಾಕ್ತೀನಿ ಮೇಡಂ," ಎಂದ ಗುಮಾಸ್ತ. "ನಮೂನೆ ರೆಡಿ ಇದೆ."

ತಪ್ಪಿದ ತಾರೀಖಿಗೆಲ್ಲ ವಕೀಲರು ಜ್ವರದ ಅಫಿಡವಿಟ್ ಹಾಕುವುದು ಆ ಕಟ್ಟಡದ ವಾಡಿಕೆ. ಥರ್ಮಾಮೀಟರು ಮಾತ್ರ ಯಾರೂ ಕಂಡಿಲ್ಲ.

"ಎದುರು ಪಕ್ಷದ ವಕೀಲ್ರು ನನ್ನನ್ನ ಐದನೇ ಹಾಲಲ್ಲಿ ನೋಡಿದಾರೆ."

"ಹಾಗಾದ್ರೆ ಹೊಟ್ಟೆನೋವು. ಅದು ನಿಂತವ್ರಿಗೂ ಬರತ್ತೆ."

ಅವಳು ಮೇಜಿಗೆ ಮೂರು ಸುತ್ತು ಹಾಕಿದಳು. ಸುಳ್ಳು ಸಿಕ್ಕಿಬಿದ್ದರೆ ಅಂಗಡಿ ಹೋಯಿತು. ನಿಜ ಬರೆದರೆ ನಾಳೆಯಿಂದ ಇವಳ ಕೈಗೆ ಕೇಸು ಕೊಡುವವರು ಯಾರು? ನಾಲ್ಕನೆಯ ಸುತ್ತಿನಲ್ಲಿ, "ಇದ್ದದ್ದನ್ನೇ ಟೈಪ್ ಮಾಡಿ," ಎಂದಳು.

"ಕಾಯಿಲೆ ಹೆಸರೂನಾ? ಮಧ್ಯಾಹ್ನದೊಳಗೆ ವಕೀಲರಿಗೆಲ್ಲ ಗೊತ್ತಾಗತ್ತೆ ಮೇಡಂ."

"ಅಷ್ಟು ಹೊತ್ತು ಬೇಕಾ ಅವ್ರಿಗೆ?"

ಗುರುವಾರ ಬೆಳಿಗ್ಗೆ ನ್ಯಾಯಾಧೀಶರು ಅಫಿಡವಿಟ್ಟನ್ನು ಎರಡು ಸಲ ಓದಿದರು. "ಪಕ್ಕದ ಹಾಲಲ್ಲಿ ಕೂತಿದ್ರಾ?"

"ನಿಂತಿದ್ದೆ ಸ್ವಾಮಿ."

ಎದುರು ವಕೀಲರು ಎದ್ದರು. "ನಾನೇ ಕಣ್ಣಾರೆ ಕಂಡಿದೀನಿ ಸ್ವಾಮಿ."

"ಅವ್ರೂ ಅದನ್ನೇ ಬರೆದಿದಾರಲ್ರೀ. ನೀವು ಅವ್ರ ಸಾಕ್ಷಿನಾ?" ನ್ಯಾಯಾಧೀಶರು ಅವಳತ್ತ ತಿರುಗಿದರು. "ದಾವೆ ತೆರೆದಿದೀನಿ. ಇವತ್ತೇ ಕೇಳ್ತೀನಿ, ಈ ಹನ್ನೊಂದು ಕೇಸ್ ಮುಗಿದ್ಮೇಲೆ. ಕೂಗಿದಾಗ ಇಲ್ದಿದ್ರೆ ಮತ್ತೆ ತೆರೆಯಲ್ಲ."

ಹನ್ನೊಂದು ಕೇಸು, ಒಂದು ಮರದ ಬೆಂಚು. ಎರಡನೆಯ ಕೇಸಿಗೇ ಅವಳ ಮೊಣಕಾಲು ಹೊಲಿಗೆ ಯಂತ್ರದಂತೆ ಕುಣಿಯತೊಡಗಿತು. ಫೈಲಿನ ದಾರ ಬಿಚ್ಚಿದಳು, ಕಟ್ಟಿದಳು, ಬಿಚ್ಚಿದಳು. ಹೊರಗೆ ಕಾರಿಡಾರಿನಲ್ಲಿ ಯಾರೋ ಗಟ್ಟಿ ದನಿಯಲ್ಲಿ ಜಗಳ ತೆಗೆದರು. ಅವಳಿಗೇ ತಿಳಿಯದೆ ಬೆಂಚಿನಿಂದ ಅರ್ಧ ಎದ್ದಿದ್ದಳು.

ಪಕ್ಕದಲ್ಲಿದ್ದ ದರ್ಜಿ ಹೆಂಗಸು ಬಟ್ಟೆಯಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನೊಂದನ್ನು ತೆಗೆದು, ವಕೀಲೆಯ ಕಪ್ಪು ಗೌನಿನ ಅಂಚನ್ನು ತನ್ನ ರವಿಕೆಯ ತೋಳಿಗೆ ಸೇರಿಸಿ ಚುಚ್ಚಿದಳು.

"ಹೋಗೋದಾದ್ರೆ ಹೇಳಿ ಮೇಡಂ. ಇಬ್ರೂ ಹೋಗೋಣ."

ವಕೀಲೆ ಕೂತಳು. ಇನ್ನೂ ಒಂಬತ್ತು ಇದ್ದವು.