ಮುಟ್ಟಿದ ಕೈ

ಆ ಹುಳ ಅವನ ಅಂಗೈಮೇಲೆ ಒದ್ದಾಡಿದ್ದು ನೆನೆಸಿಕೊಂಡರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತೆ.

ಮುನಿವೆಂಕಟಪ್ಪ ನಮ್ಮ ಪಕ್ಕದ ಮನೆಯವನು. ಶಿಡ್ಲಘಟ್ಟದ ಹತ್ತಿರ ನಮ್ಮೂರಲ್ಲಿ ಎಲ್ಲರ ಹಾಗೆ ಅವನೂ ರೇಷ್ಮೆಹುಳ ಸಾಕೋನು. ದುಡಿಮೆಗಾರ, ಕುಡಿತ ಇಲ್ಲ, ಆದರೆ ತಾನು ಹಿಡಿದಿದ್ದೇ ಹಟ. ಸೊಪ್ಪು ಕೊಯ್ದು ತರೋದು ಅವನ ಕೆಲಸ, ಹುಳಕ್ಕೆ ಹಾಕೋದು ಹೆಂಡತಿ ಅಮ್ಮಾಜಮ್ಮನ ಕೆಲಸ. ಮುಟ್ಟಾದವಳು ಹುಳದ ಹತ್ತಿರ ಸುಳಿಯಬಾರದು ಅನ್ನೋದು ನಮ್ಮ ಕಡೆ ಪದ್ಧತಿ. ತಿಂಗಳಲ್ಲಿ ಆ ಮೂರು ದಿನ ಹುಳದ ಮನೆಗೆ ಇವನೇ ಹೋಗ್ತಿದ್ದ.

2004ರಲ್ಲಿ, ಹುಳ ಕೊನೇ ಪೊರೆ ಬಿಟ್ಟು ಎಷ್ಟು ಸೊಪ್ಪು ಹಾಕಿದರೂ ಸಾಲದು ಅನ್ನೋ ಹೊತ್ತಿಗೆ ಅಮ್ಮಾಜಮ್ಮ ಹೊರಗಾದಳು. ಮೂರನೇ ದಿನಕ್ಕೆ ತಟ್ಟೆತಟ್ಟೆ ಹುಳ ಸತ್ತು ಬಿದ್ದಿತ್ತು. ಕದ್ದು ಮುಟ್ಟಿದ್ದೀಯ ಅಂತ ಅವಳಿಗೆ ಹೊಡೆದ. ಮುಂದಿನ ಬೆಳೆಗೂ ಅದೇ ಕಥೆ. ನೆರಳು ಬಿದ್ದಿದೆ ಅಂತ ಮತ್ತೆ ಹೊಡೆದ. ಮೂರನೇ ಬೆಳೆಗೆ ಚಿಂತಾಮಣಿಯ ತವರಿಗೇ ಕಳಿಸಿಬಿಟ್ಟ, ಈ ಸಲವೂ ಹುಳ ಹೋದರೆ ನೀನು ಬರೋದೇ ಬೇಡ ಅಂದ.

ಬಸ್ಸು ಹತ್ತಿಸೋಕೆ ಹೋದವಳು ನಾನೇ. "ಕದಿರಕ್ಕ, ಕೈ ತೊಳ್ಕೊಂಡು ಸೊಪ್ಪು ಹಾಕಕ್ಕೆ ಹೇಳು. ನಾನು ಹೇಳಿದಾಗಲೆಲ್ಲ ಏಟು ತಿಂದೆ," ಅಂದಳು. ನನ್ನ ಬಾಯಿಗೆ ಮಣ್ಣು ಬೀಳ, ನಾನೂ ಅದನ್ನ ಕಿವಿಗೆ ಹಾಕ್ಕೊಳ್ಳಲಿಲ್ಲ. ಸ್ವಲ್ಪ ದಿನ ದೂರ ಇರಮ್ಮ ಅಂತ ಬುದ್ಧಿ ಹೇಳಿ ಬಂದೆ.

ಆ ಬೆಳೆಯೂ ಸತ್ತಿತು. ಅಲ್ಲಿಂದಲೇ ಶಾಪ ಹಾಕಿದ್ದಾಳೆ, ಇನ್ನವಳು ಈ ಮನೆ ಹೊಸ್ತಿಲು ತುಳಿಯೋ ಹಾಗಿಲ್ಲ ಅಂತ ಕೂಗಾಡ್ತಾ, ಅವನು ಸೊಂಟದ ಸಂಚಿ ಬಿಚ್ಚಿ ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ಹಾಕಿ ತಿಕ್ಕಿದ. ಬಾಯಿಗೆ ಹಾಕ್ಕೊಂಡು ಅದೇ ಕೈಯಲ್ಲಿ ಉಳಿದ ನಾಲ್ಕು ಹುಳಕ್ಕೆ ಸೊಪ್ಪು ಹಾಕೋಕೆ ಹೊರಟ. ಅಮ್ಮಾಜಮ್ಮ ಕೈ ತೊಳ್ಕೊಳ್ಳೋಕೆ ಹೇಳಿದ್ದು ಈ ಹೊಗೆಸೊಪ್ಪಿಗೇ ಅಂತ ನನಗಾಗ ಹೊಳೀತು.

ಹಿಂದಿನ ಭಾನುವಾರ ನಮ್ಮ ಚರ್ಚಿನಲ್ಲಿ ಪಾದ್ರಿಗಳು ಒಂದು ಕತ್ತೆಯ ಕಥೆ ಓದಿದ್ದರು. ದಾರಿಯಲ್ಲಿ ಕತ್ತಿ ಹಿರಿದು ನಿಂತ ದೇವದೂತನನ್ನ ಕಂಡು ಕತ್ತೆ ಮೂರು ಸಲ ಹೆದರಿತಂತೆ. ಮೇಲೆ ಕೂತವನಿಗೆ ಕತ್ತಿ ಕಾಣಲಿಲ್ಲ, ಮೂರು ಸಲವೂ ಕತ್ತೆಯನ್ನೇ ಬಡಿದ. ಅವತ್ತು ನಕ್ಕಿದ್ದೆ. ಈಗ ನಗು ಬರಲಿಲ್ಲ.

ನಮ್ಮನೆಯಿಂದ ಗಟ್ಟಿಮುಟ್ಟಾದ ಒಂದು ಹುಳ ತಂದೆ. ಕೈ ಚಾಚಪ್ಪ ಅಂದೆ, ಅಂಗೈಮೇಲೆ ಬಿಟ್ಟೆ. ಸ್ವಲ್ಪ ಹೊತ್ತು ತೆವಳಿತು. ಆಮೇಲೆ ತಲೆ ಎತ್ತಿ, ಹಸಿರಾಗಿ ಕಕ್ಕಿ, ಮುದುರಿಕೊಂಡಿತು. ಸತ್ತ ಹುಳಗಳೆಲ್ಲ ಹಾಗೇ ಮುದುರಿದ್ದವು. ಮುನಿವೆಂಕಟಪ್ಪ ಕೈ ಕೊಡವಲೂ ಇಲ್ಲ, ಗರಬಡಿದವನ ಹಾಗೆ ನೋಡ್ತಾ ನಿಂತ.

"ಮೂರು ಬೆಳೆ ಮುಟ್ಟಿದ್ದು ನಾನಾ, ಕದಿರಕ್ಕ?" ಅಂದ.

ಅವತ್ತೇ ಇಬ್ಬರೂ ಚಿಂತಾಮಣಿಗೆ ಹೋದೆವು. ಅಮ್ಮಾಜಮ್ಮ ಜಗಲಿಯ ಮೂಲೆಯಲ್ಲಿ ಚಾಪೆ ಹಾಕ್ಕೊಂಡು ಬೇರೆ ಕೂತಿದ್ದಳು. ಅವನು ತಡವರಿಸ್ತಾ ಎಲ್ಲ ಹೇಳಿದ, ತಪ್ಪಾಯ್ತು ಅಂದ, ಮನೆಗೆ ಬಾ ಅಂದ. ಅವಳು ಚಾಪೆ ಬಿಟ್ಟು ಏಳಲಿಲ್ಲ.

"ನಾನಿವತ್ತು ಹೊರಗಿದ್ದೀನಿ," ಅಂದಳು. "ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀರಾ?"

ಅವನು ಚಾಚೋಕೆ ಹೋದ ಕೈಯನ್ನ ಅರ್ಧಕ್ಕೇ ನಿಲ್ಲಿಸಿ ನೋಡಿಕೊಂಡ. ಎದ್ದು ಹಿತ್ತಲಿಗೆ ಹೋಗಿ, ಸೋಪು ಹಾಕಿ ಕೈ ತೊಳ್ಕೊಂಡು ಬಂದ.