ಅಪ್ಪನ ಎಂಜಿನ್ ಮಿಸ್ ಹೊಡೆದಾಗ

ಮಾನ್ವಿಯಿಂದ ಕವಿತಾಳಕ್ಕೆ ಹೋಗುವ ದಾರಿಯಲ್ಲಿ ನಮ್ಮ ಹೊಲ, ಹೊಲದ ಬಾಜೂಕೆ ಮನೆ. ಕಾಲುವೆಯ ನೀರೆತ್ತಲು ಅಪ್ಪ ಒಂದು ಎಂಜಿನ್ ತಂದಿದ್ದ. ಪೆಟ್ರೋಲ್‌ನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವಂಥದ್ದು. ಅದರ ಸದ್ದು ನಿಂತಿತೆಂದರೆ ಅಪ್ಪ ಊಟಕ್ಕೆ ಹೊರಟ ಎಂದು ಅರ್ಥ. ಅವ್ವ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಈಗ ಸೀಮೆಎಣ್ಣೆ ಕಣ್ಣಿಗೂ ಬೀಳುವುದಿಲ್ಲ, ಪೆಟ್ರೋಲ್‌ನಲ್ಲೇ ಓಡಿಸಬೇಕು. ಅಪ್ಪನೂ ಇಲ್ಲ.

ಅಪ್ಪ ಹೋದ ಮೇಲೆ ಎಂಜಿನ್ ಮಿಸ್ ಹೊಡೆಯತೊಡಗಿತು, ಓಡುತ್ತಾ ಓಡುತ್ತಾ ನಿಂತುಬಿಡುತ್ತಿತ್ತು. ರಿಪೇರಿ ಮಾಡಿಸಿ ಬೇಸತ್ತ ತಮ್ಮ ಗುಜರಿಯವನಿಗೆ ಮಾತು ಕೊಟ್ಟುಬಿಟ್ಟ. ರಾಯಚೂರಿನಲ್ಲಿದ್ದ ನನಗೆ ಅವ್ವನ ಫೋನು ಬಂತು.

"ನಿಮ್ಮಪ್ಪನ ಎಂಜಿನ್ ತೂಕಕ್ಕ ಹಾಕ್ತಾನಂತ ನೋಡ ಬೇ. ನೀ ಬಂದು ಏನರ ಮಾಡು."

ನನಗೆ ಸಿಟ್ಟು ನೆತ್ತಿಗೇರಿತು. ಹೊಸ ಪ್ಲಗ್ ಒಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಪಾನಾ ಹಿಡಿದು ನಟ್ಟು ಬಿಚ್ಚುವುದನ್ನು ಅಪ್ಪನೇ ಕಲಿಸಿದ್ದ, ನನಗೇನು ಹೊಸದಲ್ಲ.

"ಸಂಜಿ ತನ ಓಡಿಸಿ ತೋರ್ಸು ಅಕ್ಕಾ, ಇಟ್ಕೋಂತೀನಿ. ಇಲ್ಲಂದ್ರ ನಾಳಿ ಗುಜರಿಯವ ಬರ್ತಾನ. ಈಗಿನ ಪೆಟ್ರೋಲೂ ಶುದ್ಧ ಇಲ್ಲ ಬಿಡು," ಎಂದ ಹೊಲದಲ್ಲೇ ಎದುರಾದ ತಮ್ಮ.

"ಕುಣಿಲಾರದಾಕಿ ನೆಲ ಡೊಂಕು ಅಂದಿದ್ಲಂತ. ಸರಿ ಅತ್ಲಾಗ!" ಎಂದೆ.

ಪ್ಲಗ್ ಬದಲಿಸಿದೆ. ಹಗ್ಗ ಸುತ್ತಿ ಎಳೆದೊಡನೆ ಎಂಜಿನ್ ಚಾಲೂ ಆಯಿತು, ನೀರೂ ಬಂತು. ಒಂದು ಚಹಾ ಕುಡಿಯುವಷ್ಟು ಹೊತ್ತು ಚೆನ್ನಾಗಿ ಓಡಿ, ಕೆಮ್ಮಿ, ಕುಂಟಿ, ನಿಂತುಬಿಟ್ಟಿತು. ಕಾರ್ಬೊರೇಟರ್ ಬಿಚ್ಚಿ ಊದಿದೆ. ಮತ್ತೆ ಅದೇ ಹಾಡು. ಸ್ವಲ್ಪ ಹೊತ್ತು ಬಿಟ್ಟು ಹಗ್ಗ ಎಳೆದರೆ ಚಾಲೂ ಆಗುತ್ತದೆ, ಮತ್ತೆ ಸಾಯುತ್ತದೆ. ಬದುವಿನ ಮೇಲೆ ಕೂತ ಅವ್ವ ಒಮ್ಮೆ ಎಂಜಿನ್ ನೋಡುತ್ತಾಳೆ, ಒಮ್ಮೆ ನನ್ನ ಮುಖ. ಆ ನೋಟ ನನಗೆ ತಡೆಯಲಾಗಲಿಲ್ಲ.

ಎಂಜಿನ್ ಮೇಲಿನ ಟಾಕಿಯಲ್ಲಿ ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಸಿಟ್ಟಿನಲ್ಲೇ ಮುಚ್ಚಳ ತಿರುವಿದೆ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡಿತು. ಅರೇ! ಮುಚ್ಚಳವನ್ನು ಸಡಿಲವಾಗಿ ಬಿಟ್ಟು ಹಗ್ಗ ಎಳೆದೆ. ಎಂಜಿನ್ ಓಡಿತು, ಓಡುತ್ತಲೇ ಇತ್ತು. ಬಿಗಿ ಮಾಡಿದೆ; ಸ್ವಲ್ಪ ಹೊತ್ತಿಗೆ ಕೆಮ್ಮು. ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಅದರಿಂದ ಗಾಳಿ ಒಳಗೆ ಹೋದರೆ ಮಾತ್ರ ಪೆಟ್ರೋಲ್ ಕೆಳಗಿಳಿಯುತ್ತದೆ. ನಮ್ಮ ಮುಚ್ಚಳದ ಮೇಲೆ ವಿಭೂತಿ, ಕುಂಕುಮ, ಎಣ್ಣೆ ಎಲ್ಲಾ ಸೇರಿ ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು.

"ಇದರ ಮ್ಯಾಲ ವಿಭೂತಿ ಯಾರು ಹಚ್ಚಿದ್ದು?"

"ನಾನs. ಪ್ರತಿ ಮಾನವಮಿಗೂ ಹಚ್ತೀನಿ," ಎಂದಳು ಅವ್ವ. "ಎಂಜಿನ್ನಿನ ಹಣಿ ಅಂದ್ರ ಅದs ಅಲ್ಲೇನು?"

ತೂತಿನ ವಿಷಯ ಹೇಳಿದೆ. ಅವಳ ಮುಖ ಬಾಡಿತು. ಆಮೇಲೆ ಮೆಲ್ಲಗೆ, "ಹಬ್ಬದ ಮರುದಿನ ನಿಮ್ಮಪ್ಪ ಒಂದು ಜಾಲಿಮುಳ್ಳು ಹಿಡ್ಕೊಂಡು ಎಂಜಿನ್ ಮುಂದ ಕುಂದರತಿದ್ದ. ಏನ್ ಮಾಡಾಕತ್ತೀ ಅಂತ ಕೇಳಿದ್ರ, ಸುಮ್ನ ಕುಂತೀನಿ ಹೋಗು ಅಂತಿದ್ದ. ಇದನ್ನ ಕೆದರತಿದ್ದನೇನು? ಹಚ್ಚಬ್ಯಾಡ ಅಂತ ನನಗ ಒಂದಿನಾನೂ ಅನ್ಲಿಲ್ಲ ನೋಡs," ಎಂದಳು.

ಸಾರಿಗೆ ಉಪ್ಪು ಕಡಿಮೆಯಾದರೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ ಅಪ್ಪ! ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ.

ತಮ್ಮ ಒಂದು ತಂತಿ ತಂದು ತೂತು ಬಿಡಿಸಿದ. ಹೊತ್ತು ಮುಳುಗುವ ತನಕ ಎಂಜಿನ್ ಒಂದೇ ಸಮನೆ ಓಡಿತು. ಅವನು ಗುಜರಿಯವನಿಗೆ ಫೋನ್ ಹಚ್ಚಿ, ಬರಬೇಡ ಎಂದ. ಆಮೇಲೆ ಅವ್ವನ ಕಡೆ ತಿರುಗಿ, "ಇನ್ನ ಮ್ಯಾಲ ಟಾಕಿ ಮಗ್ಗಲಿಗೆ ಹಚ್ಚು ಯವ್ವಾ," ಎಂದ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಣಿ ಬಿಟ್ಟು ಕೆನ್ನಿಗೆ ಯಾರರ ವಿಭೂತಿ ಹಚ್ತಾರೇನಲೇ? ನಾ ಅಲ್ಲೇ ಹಚ್ಚಾಕಿ. ಮರುದಿನ ನೀ ಮುಳ್ಳು ತಗೊಂಡು ಕುಂದ್ರು."